ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ವಾಲ್ಯೂಮ್ ಹದಕ್ಕೆ ತಂದುಕೊಂಡ ನನ್ನ ಅನುಭವ

2024ರ ಮಾರ್ಚ್‌ನಲ್ಲಿ ಒಂದು ರಾತ್ರಿ, ಹೆಡ್‌ಫೋನ್ ತೆಗೆದಿಟ್ಟ ಮೇಲೂ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲಲಿಲ್ಲ. ಫ್ಯಾನ್ ಇರಬೇಕು ಅಂದುಕೊಂಡು ಫ್ಯಾನ್ ಆಫ್ ಮಾಡಿದೆ. ಸದ್ದು ಹಾಗೇ ಇತ್ತು. ಬೆಳಗಾಗೋ ಹೊತ್ತಿಗೆ ಕಡಿಮೆ ಆಯಿತು, ಆದರೆ ಆ ರಾತ್ರಿ ನಿಜವಾಗಿ ಹೆದರಿದ್ದೆ, ಯಾಕೆಂದರೆ ನನ್ನ ಕೆಲಸ ನಡೆಯೋದೇ ಕಿವಿಯಿಂದ. ಬೇರೆಯವರು ರೆಕಾರ್ಡ್ ಮಾಡಿ ತಂದ ಮಾತುಕತೆಗಳನ್ನು ಕೇಳಿ ಬರೆದುಕೊಡುತ್ತೇನೆ. ಹಳ್ಳಿಯ ಹಿರಿಯರ ನೆನಪುಗಳು, ಸಂದರ್ಶನಗಳು, ಕೆಲವು ಸಲ ಸೋಬಾನೆ ಹಾಡುಗಳು. ದಿನಕ್ಕೆ ಐದಾರು ಗಂಟೆ ತಲೆ ಮೇಲೆ ಹೆಡ್‌ಫೋನ್ ಇರುತ್ತೆ. ಅವತ್ತಿನಿಂದ ವಾಲ್ಯೂಮ್ ವಿಷಯವನ್ನು ಕೂತು ಕಲಿತೆ. ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಮೊದಲನೇ ಮಹಡಿ, ರಸ್ತೆ ಕಡೆಗೇ ಕಿಟಕಿ. ಬೆಳಿಗ್ಗೆ ಸೊಪ್ಪಿನ ಗಾಡಿಯ ಮೈಕು, ಹತ್ತು ಗಂಟೆ ಮೇಲೆ ಎದುರು ಸೈಟಿನಲ್ಲಿ ಕಟ್ಟಡದ ಕೆಲಸ, ಸಂಜೆ ಆಟೋ ಹಾರ್ನು. ರಾತ್ರಿ ಹತ್ತೂವರೆ ಆದಮೇಲೆ ಎಲ್ಲ ತಣ್ಣಗಾಗುತ್ತೆ. ಕಂಪ್ಯೂಟರ್ ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡ ಹಳೇ ಡೆಸ್ಕ್‌ಟಾಪ್. ಬೇರೆ ಸೌಂಡ್ ಕಾರ್ಡ್ ಇಲ್ಲ, ಮದರ್‌ಬೋರ್ಡಿನಲ್ಲೇ ಇರುವ ರಿಯಲ್‌ಟೆಕ್ ಚಿಪ್ಪು ಅಷ್ಟೇ. ಹಿಂದಿನ ಹಸಿರು ತೂತಿಗೆ 2.1 ಸ್ಪೀಕರ್, ಮುಂದಿನ ತೂತಿಗೆ ನನ್ನ ಹೆಡ್‌ಫೋನ್. ಅದರಲ್ಲಿ ಓಡೋದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಮಿಂಟ್ ಅನ್ನುವ ಬಗೆ. ಪರದೆ ಮೇಲಿನ ಪಟ್ಟಿ, ಮೆನು, ಸೆಟ್ಟಿಂಗ್ಸ್ ಎಲ್ಲ ತೋರಿಸೋದು ಅದರ ಸಿನಮನ್ ಡೆಸ್ಕ್‌ಟಾಪ್. ಹಗಲು ನಾನು ಕೆಲಸ ಮಾಡುತ್ತೇನೆ. ಬೆಳಗಿನ ಜಾವ ಸುಪ್ರಭಾತಕ್ಕೆ, ಸಂಜೆ ಹಳೇ ಹಾಡಿಗೆ ಅಮ್ಮ ಅದನ್ನೇ ಬಳಸುತ್ತಾರೆ.

ಒಂದು ಸಂಜೆ ಅಮ್ಮ ಕರೆದರು. "ಏನೇ ಇದು, ಕಾಣೋದೆಲ್ಲ ಫುಲ್ ಇಟ್ಟಿದೀನಿ, ಹಾಡು ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಬರ್ತಿದೆ." ನೋಡಿದರೆ ನಿಜ. ಕೆಳಗಿನ ಪಟ್ಟಿಯಲ್ಲಿ ವಾಲ್ಯೂಮ್ 100, ಯೂಟ್ಯೂಬ್ ಸ್ಲೈಡರ್ ಕೊನೇ ತನಕ, ಸ್ಪೀಕರ್ ತಿರುಪು ಮುಕ್ಕಾಲು. ಆದರೂ ಸದ್ದಿಲ್ಲ. ಅದೇ ಮಧ್ಯಾಹ್ನ ನಾನು ಅದೇ ಯಂತ್ರದಲ್ಲಿ ಕೆಲಸ ಮಾಡಿದ್ದೆ, ಆಗ ಸದ್ದು ಸರಿಯಾಗಿಯೇ ಇತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಸೌಂಡ್ ಸೆಟ್ಟಿಂಗ್ಸ್‌ನ ಅಪ್ಲಿಕೇಷನ್ಸ್ ಅನ್ನುವ ಪುಟದಲ್ಲಿ ಸಿಕ್ಕಿತು: ಬ್ರೌಸರ್‌ಗೆ ಮಾತ್ರ ಪ್ರತ್ಯೇಕವಾಗಿ 22%. ಯಾವತ್ತೋ ರಾತ್ರಿ ನಾನೇ ಇಳಿಸಿದ್ದೆ. ಇಳಿಸಿದ್ದನ್ನು ನಾನು ಮರೆತಿದ್ದೆ, ಕಂಪ್ಯೂಟರ್ ನೆನಪಿಟ್ಟುಕೊಂಡಿತ್ತು. ಲಿನಕ್ಸ್‌ನ ಧ್ವನಿ ವ್ಯವಸ್ಥೆ ಪ್ರತಿ ಪ್ರೋಗ್ರಾಮಿನ ವಾಲ್ಯೂಮನ್ನೂ ಬರೆದಿಟ್ಟುಕೊಳ್ಳುತ್ತೆ. ಆಫ್ ಮಾಡಿ ಆನ್ ಮಾಡಿದರೂ ಅದು ಅಳಿಸೋದಿಲ್ಲ.

ಅಲ್ಲಿಂದ ನನಗೆ ವಿಷಯ ಅರ್ಥವಾಗಲು ಶುರುವಾಯಿತು. ಬೆಂಗಳೂರಿನ ಮನೆಗಳಲ್ಲಿ ನೀರು ಬರುವ ದಾರಿ ನೆನಪಿಸಿಕೊಳ್ಳಿ. ಸಂಪಿನಿಂದ ಮೋಟಾರು ಮೇಲಿನ ಟ್ಯಾಂಕಿಗೆ ಎತ್ತುತ್ತೆ. ಟ್ಯಾಂಕಿನ ಬುಡದಲ್ಲಿ ಒಂದು ವಾಲ್ವ್, ಅಡುಗೆಮನೆಗೆ ಇಳಿಯುವ ಪೈಪಿಗೆ ಇನ್ನೊಂದು ವಾಲ್ವ್, ಕೊನೆಗೆ ಸಿಂಕಿನ ಮೇಲೆ ನಲ್ಲಿ. ನೀರು ಸಣ್ಣಗೆ ಬರುತ್ತಿದ್ದರೆ ನಲ್ಲಿಯನ್ನು ಎಷ್ಟು ತಿರುಗಿಸಿದರೂ ಉಪಯೋಗ ಇಲ್ಲ, ಮೇಲೆ ಯಾವುದೋ ವಾಲ್ವ್ ಅರ್ಧ ಮುಚ್ಚಿರುತ್ತೆ. ಕಂಪ್ಯೂಟರಿನ ಸದ್ದೂ ಹೀಗೇ ಹಲವು ವಾಲ್ವ್ ದಾಟಿ ಬರುತ್ತೆ, ಮತ್ತು ಒಂದೊಂದೂ ತನ್ನ ಮುಂಚಿನದು ಕೊಟ್ಟಿದ್ದರಲ್ಲಿ ಮಾತ್ರ ಪಾಲು ಹಾಕುತ್ತೆ.

ನಮ್ಮ ಮನೆ ಯಂತ್ರದಲ್ಲಿ ಐದು ಇದ್ದವು. ಮೊದಲನೆಯದು ಪ್ಲೇಯರಿನೊಳಗಿನ ಸ್ಲೈಡರ್, ಅಂದರೆ ಯೂಟ್ಯೂಬಿನದೋ ವಿಎಲ್‌ಸಿಯದೋ. ಎರಡನೆಯದು ಆ ಪ್ರೋಗ್ರಾಮಿಗೆ ವ್ಯವಸ್ಥೆ ಕೊಟ್ಟಿರುವ ಪ್ರತ್ಯೇಕ ವಾಲ್ಯೂಮ್, ಅಮ್ಮನ ಹಾಡನ್ನು ಬಾವಿಗೆ ತಳ್ಳಿದ್ದು ಇದೇ. ಮೂರನೆಯದು ಎಲ್ಲರಿಗೂ ಗೊತ್ತಿರುವ ಮುಖ್ಯ ವಾಲ್ಯೂಮ್, ಕೀಬೋರ್ಡಿನ ಗುಂಡಿ ಒತ್ತಿದರೆ ಏರಿಳಿಯೋದು. ನಾಲ್ಕನೆಯದು ಆಲ್ಸಾ, ಲಿನಕ್ಸ್‌ನ ತಿರುಳಾದ ಕರ್ನಲ್ಲಿನೊಳಗೇ ಇರುವ ಪದರ, ನೇರವಾಗಿ ಚಿಪ್ಪಿನ ಜೊತೆ ಮಾತಾಡುವಂಥದ್ದು. ಐದನೆಯದು ಸ್ಪೀಕರ್ ಮೇಲಿನ ತಿರುಪು. ಒಂದು ಕಡೆ 50, ಮುಂದಿನ ಕಡೆ 50 ಇಟ್ಟರೆ ಕಿವಿಗೆ ಅರ್ಧ ಬರೋದಿಲ್ಲ, ತುಂಬಾ ಕಡಿಮೆ ಬರುತ್ತೆ. ಎಷ್ಟು ಕಡಿಮೆ ಅನ್ನೋದನ್ನು ಮುಂದೆ ಹೇಳುತ್ತೇನೆ, ಅದು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಇತ್ತು.

ಈಗ ನಾನು ಪಾಲಿಸುವ ಕ್ರಮ ಇದು. ಒಂದು ಮತ್ತು ಎರಡನೇ ವಾಲ್ವ್ ಪೂರ್ತಿ ತೆರೆದಿಡುತ್ತೇನೆ, ಮುಟ್ಟೋದೇ ಇಲ್ಲ. ಆಲ್ಸಾವನ್ನು ಒಂದು ಸಲ ಸರಿ ಮಾಡಿ ಬಿಟ್ಟಿದ್ದೇನೆ. ದಿನಾ ತಿರುಗಿಸೋದು ಮೂರನೆಯದನ್ನು ಮಾತ್ರ. ಸ್ಪೀಕರಿನ ತಿರುಪಿಗೆ ಅಮ್ಮನ ನೈಲ್ ಪಾಲಿಷ್‌ನಿಂದ ಒಂದು ಕೆಂಪು ಗೆರೆ ಎಳೆದಿದ್ದೇನೆ, ಅದು ಆ ಗೆರೆಯಲ್ಲೇ ಇರಬೇಕು. ಗೆರೆ ಎಲ್ಲಿರಬೇಕು ಅಂತ ಹುಡುಕಿದ್ದು ಹೀಗೆ: ಮುಖ್ಯ ವಾಲ್ಯೂಮ್ 80% ಇಟ್ಟು ಒಂದು ಹಾಡು ಹಾಕಿದೆ, ತಿರುಪನ್ನು ಸೊನ್ನೆಯಿಂದ ನಿಧಾನವಾಗಿ ತಿರುಗಿಸುತ್ತಾ ಬಂದೆ, ಹಾಲಿನ ಆಚೆ ಮೂಲೆಯಲ್ಲಿ ಕೂತ ಅಮ್ಮ "ಸಾಕು" ಅಂದಲ್ಲಿ ನಿಲ್ಲಿಸಿದೆ. ತಿರುಪನ್ನು ಪೂರ್ತಿ ಏರಿಸಿ ಕಂಪ್ಯೂಟರಿನಲ್ಲಿ 20% ಇಟ್ಟರೂ ಹಾಡು ಅಷ್ಟೇ ಜೋರಾಗಿ ಕೇಳುತ್ತೆ ನಿಜ. ಆದರೆ ಆಗ ಸ್ಪೀಕರು ಹಾಡಿನ ಜೊತೆ ತಂತಿಯಲ್ಲಿ ಬರುವ ಸಣ್ಣ ಉಸ್ಸ್ ಸದ್ದನ್ನೂ ದೊಡ್ಡದು ಮಾಡುತ್ತೆ. ಹಾಡು ನಿಂತಾಗ ಆ ಉಸ್ಸ್ ಕೇಳುತ್ತಿದ್ದರೆ ನಿಮ್ಮ ತಿರುಪು ಜಾಸ್ತಿ ಇದೆ ಅಂತಲೇ ಅರ್ಥ.

ಇನ್ನು 100% ದಾಟಿಸುವ ವಿಷಯ. ಸಿನಮನ್ನಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ವಾಲ್ಯೂಮ್ ಅಂತ ಒಂದು ಸ್ಲೈಡರ್ ಇದೆ, ಅದನ್ನು 150ರವರೆಗೆ ಎಳೆಯಬಹುದು. ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನುವ ಪ್ರೋಗ್ರಾಮಿನಲ್ಲಿ 153ರವರೆಗೂ ಹೋಗುತ್ತೆ, ಅಂದರೆ ಸದ್ದಿನ ಅಳತೆಯಾದ ಡೆಸಿಬೆಲ್ ಲೆಕ್ಕದಲ್ಲಿ 11 ಮೇಲಕ್ಕೆ. ಫೈಲೇ ಸಣ್ಣ ದನಿಯಲ್ಲಿ ರೆಕಾರ್ಡ್ ಆಗಿದ್ದರೆ ಇದರಿಂದ ಉಪಕಾರ ಇದೆ, ನಾನೂ ಬಳಸಿದ್ದೇನೆ. ಆದರೆ ಈಗಿನ ಹಾಡುಗಳು ಮೊದಲೇ ಅಂಚಿನ ತನಕ ತುಂಬಿರುತ್ತವೆ. ಅದರ ಮೇಲೆ ಇನ್ನೂ ಸುರಿದರೆ ಅಲೆಯ ತಲೆ ಕತ್ತರಿಸಿಹೋಗಿ ಕರಕರ ಅನ್ನುತ್ತೆ. ಕತ್ತರಿಸಿದ್ದನ್ನು ಮುಂದೆ ಯಾವ ವಾಲ್ವ್ ಇಳಿಸಿದರೂ ವಾಪಸ್ ತರೋಕೆ ಆಗಲ್ಲ. ನಮ್ಮಲ್ಲಿ ಗರಿಷ್ಠವನ್ನು 100ಕ್ಕೇ ನಿಲ್ಲಿಸಿದ್ದೇನೆ.

ಈಗ ನನಗೆ ತುಂಬಾ ಕಾಡಿದ ಸಮಸ್ಯೆ. ಹಗಲು ಗುಂಡಿ ಒತ್ತಿದರೆ ವಾಲ್ಯೂಮ್ ನಯವಾಗಿ ಏರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಅದೇ ಗುಂಡಿ ಒಂದು ಸಲ ಒತ್ತಿದರೆ ಪಿಸುಮಾತು ಇದ್ದದ್ದು ಪಕ್ಕದ ರೂಮಿಗೆ ಕೇಳುವಷ್ಟಾಗುತ್ತಿತ್ತು, ಒಂದು ಸಲ ಇಳಿಸಿದರೆ ಏನೂ ಕೇಳಿಸುತ್ತಿರಲಿಲ್ಲ. ನಡುವೆ ಹದವೇ ಇಲ್ಲ. ಗುಂಡಿ ಕೆಟ್ಟಿದೆ ಅಂತಲೇ ಎಷ್ಟೋ ದಿನ ಅಂದುಕೊಂಡಿದ್ದೆ. ಗುಂಡಿ ಸರಿಯಾಗೇ ಇತ್ತು, ಲೆಕ್ಕ ಬೇರೆ ಇತ್ತು. ಲಿನಕ್ಸ್‌ನ ಹಳೇ ಧ್ವನಿ ವ್ಯವಸ್ಥೆಯಾದ ಪಲ್ಸ್ ಆಡಿಯೋದಲ್ಲೂ ಅದರ ಜಾಗಕ್ಕೆ ಬಂದಿರುವ ಈಗಿನ ಪೈಪ್‌ವೈರ್‌ನಲ್ಲೂ ನಾವು ನೋಡುವ ಶೇಕಡಾ ಸಂಖ್ಯೆಯ ಘನ ತೆಗೆದುಕೊಂಡರೆ ನಿಜವಾದ ಅಲೆಯ ಎತ್ತರ ಸಿಗುತ್ತೆ. 50% ಅಂದರೆ 0.5ನ್ನು 0.5ರಿಂದ, ಮತ್ತೆ 0.5ರಿಂದ ಗುಣಿಸಬೇಕು: 0.125, ಎಂಟನೇ ಒಂದು ಭಾಗ, 18 ಡೆಸಿಬೆಲ್ ಕೆಳಗೆ. 25% ಅಂದರೆ ಅರವತ್ತನಾಲ್ಕನೇ ಒಂದು ಭಾಗ, 36 ಡೆಸಿಬೆಲ್ ಕೆಳಗೆ. 10% ಅಂದರೆ ಸಾವಿರದಲ್ಲಿ ಒಂದು, 60 ಡೆಸಿಬೆಲ್ ಕೆಳಗೆ. ಎರಡು ಕಡೆ 50 ಇಟ್ಟರೆ ಎಷ್ಟು ಅಂತ ಆಗಲೇ ಕೇಳಿದ್ದೆನಲ್ಲ, ಅದೂ ಅರವತ್ತನಾಲ್ಕನೇ ಒಂದು ಭಾಗವೇ.

ಹೀಗೆ ಮಾಡಿರೋದು ತಪ್ಪೇನಲ್ಲ, ನಮ್ಮ ಕಿವಿ ಸದ್ದನ್ನು ಅಳೆಯುವ ರೀತಿಗೆ ಇದು ಹತ್ತಿರವಾಗಿದೆ. ಆದರೆ ಗುಂಡಿ ಒಂದು ಸಲ ಒತ್ತಿದರೆ ಆಗುವ 5%ರ ಹೆಜ್ಜೆಗೆ ಮೇಲೊಂದು ಅರ್ಥ, ಕೆಳಗೊಂದು ಅರ್ಥ ಬಂದುಬಿಡುತ್ತೆ. 80ರಿಂದ 85ಕ್ಕೆ ಹೋದರೆ ಅಲೆ ಐದನೇ ಒಂದು ಭಾಗದಷ್ಟು ದೊಡ್ಡದಾಗುತ್ತೆ, ಸುಮಾರು 1.6 ಡೆಸಿಬೆಲ್, ಕಿವಿಗೆ ಗೊತ್ತಾಗೋದೇ ಕಷ್ಟ. 10ರಿಂದ 15ಕ್ಕೆ ಹೋದರೆ ಮೂರು ಪಟ್ಟಿಗೂ ಮೀರಿ ದೊಡ್ಡದಾಗುತ್ತೆ, 10 ಡೆಸಿಬೆಲ್‌ಗಿಂತ ಜಾಸ್ತಿ, ಅಂದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು. ರಾತ್ರಿ ನಾನು ಇರುತ್ತಿದ್ದದ್ದೇ ಆ ಕೆಳಗಿನ ಜಾಗದಲ್ಲಿ. ಕಾಗದದ ಮೇಲೆ ಈ ಲೆಕ್ಕ ಹಾಕಿದ ದಿನ ತುಂಬಾ ಸಮಾಧಾನ ಆಯಿತು.

ಪರಿಹಾರ ಸುಲಭ, ಕೆಳಗಿರುವಾಗ ಸಣ್ಣ ಹೆಜ್ಜೆ ಇಡಬೇಕು. 10ರಿಂದ 11ಕ್ಕೆ ಹೋದರೆ ಎರಡೂವರೆ ಡೆಸಿಬೆಲ್, ಅದು ಹದವಾದ ಹೆಜ್ಜೆ. ಪೈಪ್‌ವೈರ್ ಇರುವ ಯಂತ್ರದಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಡುವ ಒಂದು ಆಜ್ಞೆ ಇದೆ, ಅಕ್ಷರ ಬಿಡಿಸಿ ಹೇಳುತ್ತೇನೆ: ಡಬ್ಲ್ಯೂ, ಪಿ, ಸಿ, ಟಿ, ಎಲ್ ಇವನ್ನು ಸೇರಿಸಿ ಚಿಕ್ಕ ಅಕ್ಷರದಲ್ಲಿ ಬರೆಯಿರಿ. ಜಾಗ ಬಿಟ್ಟು ಸೆಟ್, ಹೈಫನ್, ವಾಲ್ಯೂಮ್. ಮತ್ತೆ ಜಾಗ ಬಿಟ್ಟು ಹೈಫನ್ ಎಲ್, ಜಾಗ, 1.0. ಇದು ಏನೇ ಒತ್ತಿದರೂ 100 ದಾಟದ ಹಾಗೆ ತಡೆಯುತ್ತೆ. ಆಮೇಲೆ ಆಟ್ ಚಿಹ್ನೆ, ಡಿಫಾಲ್ಟ್, ಅಂಡರ್‌ಸ್ಕೋರ್, ಆಡಿಯೋ, ಅಂಡರ್‌ಸ್ಕೋರ್, ಸಿಂಕ್ (ಅಡುಗೆಮನೆಯ ಸಿಂಕಿನ ಸ್ಪೆಲಿಂಗೇ), ಮತ್ತೆ ಆಟ್ ಚಿಹ್ನೆ, ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ನಡುವೆ ಜಾಗ ಇಲ್ಲದೆ. ಕೊನೆಗೆ ಜಾಗ ಬಿಟ್ಟು 1%, ಅದಕ್ಕೆ ಅಂಟಿಕೊಂಡೇ ಪ್ಲಸ್. ಇಳಿಸೋಕೆ ಪ್ಲಸ್ ಬದಲು ಮೈನಸ್. ಸಿನಮನ್ನಿನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಶಾರ್ಟ್‌ಕಟ್ಸ್ ಅಂತ ಇದೆ, ಅಲ್ಲಿ ಈ ಎರಡು ಆಜ್ಞೆಗಳನ್ನು ವಿಂಡೋಸ್ ಗುಂಡಿ ಜೊತೆ ಎಫ್9, ಎಫ್10ಕ್ಕೆ ಕೊಟ್ಟೆ. ಮಾಮೂಲಿ ಗುಂಡಿ ದೊಡ್ಡ ಹೆಜ್ಜೆಗೆ, ಇವು ಸಣ್ಣ ಹೆಜ್ಜೆಗೆ.

ಒಂದು ವಾರ ಬಳಸಿದ ಮೇಲೆ ಎರಡು ಜೊತೆ ಗುಂಡಿ ಅಮ್ಮನಿಗೆ ಗೊಂದಲ ಅಂತ ಗೊತ್ತಾಯಿತು. ಆಗ ಹತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಇಂಥ ಆಜ್ಞೆಗಳನ್ನು ಸೇರಿಸಿಟ್ಟ ಸಣ್ಣ ಫೈಲು, ಬರೆದೆ. ಅದೇ ಆಜ್ಞೆಯಲ್ಲಿ ಸೆಟ್ ಬದಲು ಗೆಟ್ ಅಂತ ಹಾಕಿದರೆ ಈಗಿನ ವಾಲ್ಯೂಮ್ 0.40 ಅನ್ನುವ ರೀತಿಯಲ್ಲಿ ಬರುತ್ತೆ. ಮ್ಯೂಟ್ ಆಗಿದ್ದರೆ ಪಕ್ಕದಲ್ಲಿ ಹಾಗಂತಲೂ ಬರೆದಿರುತ್ತೆ. ಸ್ಕ್ರಿಪ್ಟ್ ಆ ಸಂಖ್ಯೆ ಓದಿ, 0.30ಕ್ಕಿಂತ ಕಡಿಮೆ ಇದ್ದರೆ 1% ಹೆಜ್ಜೆ, ಜಾಸ್ತಿ ಇದ್ದರೆ 4% ಹೆಜ್ಜೆ ಇಡುತ್ತೆ. ಮಾಮೂಲಿ ವಾಲ್ಯೂಮ್ ಗುಂಡಿಗಳಿಗೇ ಅದನ್ನು ಕಟ್ಟಿದೆ. ಅಮ್ಮನಿಗೆ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಅವರೇ "ಈಗ ಬೆಳಗಿನ ಜಾವ ಸರಿಯಾಗಿ ನಿಲ್ಲುತ್ತೆ ಕಣೇ" ಅಂದರು. ಅವರ ಸುಪ್ರಭಾತ ಈಗ 12ಕ್ಕೋ 13ಕ್ಕೋ ನಿಲ್ಲುತ್ತೆ, ಕೆಳಗಿನ ಮನೆಯ ಮಗು ಏಳೋದಿಲ್ಲ.

ಪೈಪ್‌ವೈರ್ ಅಂತ ಹೇಳಿದೆನಲ್ಲ, ಅದರ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಹಳೇ ಲೇಖನ ಓದುವಾಗ ತಲೆ ಕೆಡೋದಿಲ್ಲ. ಆಲ್ಸಾ ಕರ್ನಲ್ಲಿಗೆ ಮುಖ್ಯ ಧ್ವನಿ ಪದರವಾಗಿ ಬಂದದ್ದು 2.6 ಆವೃತ್ತಿಯಲ್ಲಿ, 2003ರಲ್ಲಿ. ಅದರ ಮೇಲೆ ಕೂತು ಹಲವು ಪ್ರೋಗ್ರಾಮುಗಳ ಸದ್ದನ್ನು ಬೆರೆಸಿ, ಒಂದೊಂದಕ್ಕೂ ಬೇರೆ ವಾಲ್ಯೂಮ್ ಕೊಡುವ ಕೆಲಸವನ್ನು ಬಹಳ ವರ್ಷ ಮಾಡಿದ್ದು ಲೆನಾರ್ಟ್ ಪೊಟ್ಟರಿಂಗ್ ಶುರು ಮಾಡಿದ ಪಲ್ಸ್ ಆಡಿಯೋ. ಈಗ ಆ ಜಾಗಕ್ಕೆ ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಬಂದಿದೆ. ಫೆಡೋರಾ 2021ರಲ್ಲೇ ಬದಲಾಯಿಸಿತು, ಮಿಂಟ್ 2024ರ ಜುಲೈನಲ್ಲಿ ತನ್ನ 22ನೇ ಆವೃತ್ತಿಯಲ್ಲಿ. ಪಲ್ಸ್ ಆಡಿಯೋದ ಹಳೇ ಸಾಧನಗಳು ಪೈಪ್‌ವೈರ್ ಮೇಲೂ ನಡೆಯುತ್ತವೆ, ಹಾಗಾಗಿ ಕಲಿತದ್ದು ಯಾವುದೂ ದಂಡವಾಗಲಿಲ್ಲ.

ನಾನು ದಸರಾ ರಜದಲ್ಲಿ ಮಿಂಟ್ 22 ಹಾಕಿದೆ. ಹಾಕಿದ ಕೂಡಲೇ ಸ್ಪೀಕರ್ ಸರಿ, ಹೆಡ್‌ಫೋನ್ ಸತ್ತುಹೋಗಿತ್ತು. ಇಂಥ ಹೊತ್ತಲ್ಲಿ ನೋಡಬೇಕಾದದ್ದು ನಾಲ್ಕನೇ ವಾಲ್ವ್. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಅಂತ ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ, ಒಂದೇ ಪದವಾಗಿ ಟೈಪ್ ಮಾಡಿ. ಮೊದಲು ಒಂದೇ ಕಂಬ ಕಾಣಿಸಬಹುದು, ಅದನ್ನು ನೋಡಿ ವಾಪಸ್ ಬರಬೇಡಿ. ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿಕೊಳ್ಳಬೇಕು. ಮಾನಿಟರ್‌ಗೆ ಹೋಗುವ ಎಚ್‌ಡಿಎಂಐ ಕೂಡ ಆ ಪಟ್ಟಿಯಲ್ಲಿ ಇರುತ್ತೆ, ಅದಲ್ಲ. ಆಗ ಮಾಸ್ಟರ್, ಹೆಡ್‌ಫೋನ್, ಫ್ರಂಟ್ ಅಂತ ಸಾಲಾಗಿ ಕಂಬಗಳು ಕಾಣುತ್ತವೆ. ಕಂಬದ ಬುಡದಲ್ಲಿ ಎರಡು ಸೊನ್ನೆ ಇದ್ದರೆ ತೆರೆದಿದೆ, ಎರಡು ಎಂ ಇದ್ದರೆ ಮುಚ್ಚಿದೆ ಅಂತ. ಸೊನ್ನೆ ನೋಡಿ ವಾಲ್ಯೂಮ್ ಸೊನ್ನೆ ಅಂದುಕೊಳ್ಳುವವರೇ ಜಾಸ್ತಿ, ನಾನೂ ಮೊದಲು ಹಾಗೇ ಅಂದುಕೊಂಡೆ. ನನ್ನ ಹೆಡ್‌ಫೋನ್ ಕಂಬದ ಬುಡದಲ್ಲಿ ಎರಡು ಎಂ. ಎಂ ಗುಂಡಿ ಒತ್ತಿದೆ, ಮೇಲಿನ ಬಾಣದಿಂದ ಏರಿಸಿದೆ, ಸದ್ದು ಬಂತು. ಎಸ್ಕೇಪ್ ಒತ್ತಿ ಹೊರಬಂದು, ಯಂತ್ರದ ಯಜಮಾನನ ಅಧಿಕಾರ ಕೊಡುವ ಸುಡೋ ಅನ್ನುವ ಪದದ ಜೊತೆ ಆಲ್ಸಾಸಿಟಿಎಲ್ ಸ್ಟೋರ್ ಅನ್ನುವ ಆಜ್ಞೆ ಕೊಟ್ಟೆ, ಮುಂದಿನ ಸಲ ಆನ್ ಮಾಡಿದಾಗಲೂ ಹಾಗೇ ಇರಲಿ ಅಂತ.

ಆದರೆ ಇನ್ನೊಂದು ತೊಂದರೆ ವರ್ಷಗಳಿಂದ ಇತ್ತು. ಮುಂದೆ ಹೆಡ್‌ಫೋನ್ ಚುಚ್ಚಿದರೂ ಹಿಂದಿನ ಸ್ಪೀಕರ್ ನಿಲ್ಲುತ್ತಿರಲಿಲ್ಲ. ರಾತ್ರಿ ಪ್ರತಿ ಸಲ ಮೇಜಿನ ಹಿಂದೆ ಕೈಹಾಕಿ ಸ್ಪೀಕರ್ ಸ್ವಿಚ್ ಆರಿಸುತ್ತಿದ್ದೆ. ಆಲ್ಸಾಮಿಕ್ಸರ್‌ನಲ್ಲಿ ಬಲಕ್ಕೆ ಸರಿಯುತ್ತಾ ಹೋದರೆ ಆಟೋ ಮ್ಯೂಟ್ ಮೋಡ್ ಅಂತ ಸಿಗುತ್ತೆ, ಇದಕ್ಕಾಗಿಯೇ ಇರೋದು. ಆನ್ ಮಾಡಿದೆ. ಏನೂ ಬದಲಾಗಲಿಲ್ಲ. ಹೆಡ್‌ಫೋನ್ ಚುಚ್ಚಿದ್ದು ಯಂತ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಕ್ಯಾಬಿನೆಟ್ ಬಿಚ್ಚಿದೆ. ಮುಂದಿನ ತೂತುಗಳಿಂದ ಬರುವ ವೈರಿನ ತುದಿಯಲ್ಲಿ ಎರಡು ಕನೆಕ್ಟರ್ ಇದ್ದವು, ಒಂದರ ಮೇಲೆ ಎಸಿ97, ಇನ್ನೊಂದರ ಮೇಲೆ ಎಚ್‌ಡಿ ಆಡಿಯೋ ಅಂತ ಬರೆದಿತ್ತು. ಜೋಡಿಸಿದವರು ಎಸಿ97 ಹಾಕಿಬಿಟ್ಟಿದ್ದರು. ಅದು ಹಳೇ ಪದ್ಧತಿ. ಸದ್ದು ಬರುತ್ತೆ, ಆದರೆ ಪಿನ್ ಚುಚ್ಚಿದ್ದಾರೋ ಇಲ್ಲವೋ ಅನ್ನುವ ಸುದ್ದಿ ಅದರಲ್ಲಿ ಹೋಗೋದಿಲ್ಲ. ಕರೆಂಟ್ ತೆಗೆದು, ಅದನ್ನು ಕಿತ್ತು, ಎಚ್‌ಡಿ ಆಡಿಯೋ ಕನೆಕ್ಟರ್ ಅದೇ ಜಾಗಕ್ಕೆ ಒತ್ತಿದೆ. ಪಿನ್ನುಗಳ ಸಾಲಿನಲ್ಲಿ ಒಂದು ಕಡೆ ಪಿನ್ ಇಲ್ಲದ ಜಾಗ ಇರುತ್ತೆ, ಹಾಗಾಗಿ ತಿರುಗುಮುರುಗಾಗೋ ಭಯ ಇಲ್ಲ. ಆನ್ ಮಾಡಿ ಹೆಡ್‌ಫೋನ್ ಚುಚ್ಚಿದೆ, ಸ್ಪೀಕರ್ ತಟ್ಟನೆ ಸುಮ್ಮನಾಯಿತು. ಎಷ್ಟು ಖುಷಿ ಆಯಿತು ಅಂದರೆ ನಾಲ್ಕೈದು ಸಲ ಸುಮ್ನೆ ಚುಚ್ಚಿ ತೆಗೆದು ನೋಡಿದೆ.

ಇದರಿಂದ ಇನ್ನೊಂದು ಅನುಕೂಲವೂ ಬಂತು, ನನಗೆ ಅದೇ ದೊಡ್ಡದು. ಪೈಪ್‌ವೈರ್ ಒಂದೊಂದು ತೂತಿಗೂ ಬೇರೆ ವಾಲ್ಯೂಮ್ ನೆನಪಿಟ್ಟುಕೊಳ್ಳುತ್ತೆ. ಅಮ್ಮ ಸ್ಪೀಕರಿಗೆ 70 ಇಟ್ಟು ಹಾಡು ಕೇಳಿರಲಿ, ನಾನು ಹೆಡ್‌ಫೋನ್ ಚುಚ್ಚಿದರೆ ತಾನಾಗಿ ನನ್ನ 35ಕ್ಕೆ ಬರುತ್ತೆ. ಮೊದಲೆಲ್ಲ ಸ್ಪೀಕರಿಗೆ ಇಟ್ಟ ಸದ್ದೇ ಒಮ್ಮೆಗೇ ಕಿವಿಗೆ ಬಡಿಯುತ್ತಿತ್ತು. ನನ್ನ ಕಿವಿಗೆ ಆದ ಪೆಟ್ಟಿನಲ್ಲಿ ಅದರ ಪಾಲೂ ಇದೆ ಅಂತ ನನ್ನ ನಂಬಿಕೆ.

ಇಷ್ಟಾದರೂ ಕೆಲಸದ ಸಮಸ್ಯೆ ಉಳಿದಿತ್ತು. ಸಂದರ್ಶನ ಮಾಡುವವರು ಮೈಕಿನ ಹತ್ತಿರ, ಅಜ್ಜಿ ಜಗಲಿಯ ಆ ತುದಿಯಲ್ಲಿ. ಪ್ರಶ್ನೆ ಕಿವಿ ಸೀಳುತ್ತೆ, ಉತ್ತರ ಕೇಳಿಸೋದೇ ಇಲ್ಲ. ಉತ್ತರಕ್ಕೆ ಏರಿಸೋದು, ಪ್ರಶ್ನೆ ಬಂದಾಗ ಬೆಚ್ಚಿಬೀಳೋದು, ಮತ್ತೆ ಇಳಿಸೋದು. ಇದಕ್ಕೆ ವಾಲ್ಯೂಮ್ ಗುಂಡಿ ಸಾಲದು, ಜೋರು ದನಿಯನ್ನು ಮಾತ್ರ ತಾನಾಗಿ ತಗ್ಗಿಸುವ ಕಂಪ್ರೆಸರ್ ಬೇಕು. ಈಸಿ ಎಫೆಕ್ಟ್ಸ್ ಅನ್ನುವ ಪ್ರೋಗ್ರಾಮ್ ಪೈಪ್‌ವೈರ್ ಮೇಲೆ ನಡೆಯುತ್ತೆ, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತೆ. ನಾನು ಮಿಂಟ್ 22ಕ್ಕೆ ಹೋದದ್ದೇ ಮುಖ್ಯವಾಗಿ ಇದಕ್ಕಾಗಿ. ಔಟ್‌ಪುಟ್ ಕಡೆ ಮೊದಲು ಕಂಪ್ರೆಸರ್, ಅದರ ಕೆಳಗೆ ಸದ್ದು ಮಿತಿ ದಾಟದ ಹಾಗೆ ತಡೆಯುವ ಲಿಮಿಟರ್ ಇಟ್ಟೆ. ಕಂಪ್ರೆಸರಿನಲ್ಲಿ ಥ್ರೆಶೋಲ್ಡ್, ಅಂದರೆ ತಗ್ಗಿಸೋದು ಶುರುವಾಗುವ ಗೆರೆ, ಮೈನಸ್ 24 ಡೆಸಿಬೆಲ್, ರೇಷಿಯೋ 4. ಅಂದರೆ ದನಿ ಆ ಗೆರೆಗಿಂತ ಮೇಲೆ 4 ಡೆಸಿಬೆಲ್ ಏರಿದರೆ ಹೊರಗೆ 1 ಮಾತ್ರ ಏರುತ್ತೆ. ಆಮೇಲೆ ಮೇಕಪ್ ಅನ್ನುವಲ್ಲಿ 6 ಡೆಸಿಬೆಲ್ ಸೇರಿಸಿ ಒಟ್ಟು ದನಿಯನ್ನು ಮೇಲೆತ್ತಿದೆ. ಪ್ರಶ್ನೆ ತಗ್ಗಿತು, ಅಜ್ಜಿ ಹತ್ತಿರ ಬಂದರು. ಮೂಲ ಫೈಲು ಏನೂ ಬದಲಾಗೋದಿಲ್ಲ, ಕಿವಿಗೆ ಬರುವ ದಾರಿಯಲ್ಲಿ ಮಾತ್ರ ಬದಲಾವಣೆ. ಅದರಲ್ಲೇ ಆಟೋಗೇನ್ ಅಂತಲೂ ಇದೆ, ಎಲ್ಲವನ್ನೂ ತಾನೇ ಒಂದೇ ಮಟ್ಟಕ್ಕೆ ತರುತ್ತೆ. ಹಾಡು ಕೇಳೋಕೆ ಚೆನ್ನಾಗಿದೆ, ಮಾತು ಬರೆಯೋಕೆ ನನಗೆ ಹಿಡಿಸಲಿಲ್ಲ. ಅಜ್ಜಿ ನೆನಪು ಮಾಡಿಕೊಳ್ಳುತ್ತಾ ಸುಮ್ಮನಾದಾಗ ಅದು ಹಿಂದಿನ ಕೋಳಿ, ಕುಕ್ಕರ್, ಬಸ್ಸನ್ನೆಲ್ಲ ಮೇಲೆತ್ತುತ್ತೆ. ಆ ಮೌನ ಮೌನವಾಗೇ ಕೇಳಬೇಕು.

ಅಮ್ಮನಿಗೆ ಎಡಗಿವಿ ಸ್ವಲ್ಪ ಮಂದ. ಸೌಂಡ್ ಸೆಟ್ಟಿಂಗ್ಸ್‌ನ ಔಟ್‌ಪುಟ್ ಪುಟದಲ್ಲಿ ಬ್ಯಾಲೆನ್ಸ್ ಸ್ಲೈಡರ್ ಇದೆ, ಅದನ್ನು ಚೂರು ಎಡಕ್ಕೆ ಸರಿಸಿದ್ದಕ್ಕೆ ಒಟ್ಟು ವಾಲ್ಯೂಮ್ ಏರಿಸುವ ಅಗತ್ಯವೇ ಕಡಿಮೆಯಾಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮೊದಲು ಮಾಡಿ ನೋಡಿ. ಬ್ಲೂಟೂತ್ ಇಯರ್‌ಫೋನ್ ಬಗ್ಗೆ ಒಂದೇ ಮಾತು: ಕರೆಯಲ್ಲಿ ಅದರ ಮೈಕ್ ಆನ್ ಆದರೆ ಧ್ವನಿ ಹಳೇ ಟೆಲಿಫೋನಿನ ಹಾಗೆ ಆಗುತ್ತೆ, ಯಾಕೆಂದರೆ ಹಾಡಿನ ಪ್ರೊಫೈಲ್ ಬಿಟ್ಟು ಹೆಡ್‌ಸೆಟ್ ಪ್ರೊಫೈಲಿಗೆ ಹೋಗಿರುತ್ತೆ. ಅದಕ್ಕೆ ವಾಲ್ಯೂಮ್ ಏರಿಸಬೇಡಿ. ಮೈಕನ್ನು ಬೇರೆ ಕಡೆಯಿಂದ ತೆಗೆದುಕೊಳ್ಳಿ, ಧ್ವನಿ ಮೊದಲಿನ ಹಾಗಾಗುತ್ತೆ.

ಕಿವಿಯ ಲೆಕ್ಕವನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕೊಡುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ ಆಗುತ್ತೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ನಾನು ವಾರಕ್ಕೆ ಮೂವತ್ತು ಗಂಟೆ ಕೇಳುವವಳು, ನನಗೆ ಉಳಿಯೋ ಜಾಗ ತುಂಬಾ ಕಡಿಮೆ. ಈ ಡೆಸಿಬೆಲ್ ಕಿವಿಯ ಹತ್ತಿರ ಅಳೆಯೋದು, ಸ್ಲೈಡರಿನದಲ್ಲ. ಮನೆಯಲ್ಲಿ ಅಳೆಯೋ ಯಂತ್ರ ಇಲ್ಲ. ಹಾಗಾಗಿ ಒಂದು ಗುರುತು ಇಟ್ಟುಕೊಂಡಿದ್ದೇನೆ: ಹೆಡ್‌ಫೋನ್ ಹಾಕಿಕೊಂಡಿದ್ದಾಗ ಅಡುಗೆಮನೆಯಿಂದ ಅಮ್ಮ ಮಾಮೂಲಿ ದನಿಯಲ್ಲಿ ಕರೆದರೆ ಕೇಳಬೇಕು. ಕೇಳದಿದ್ದರೆ ಇಳಿಸುತ್ತೇನೆ. ಹೊರಗೆ ಗದ್ದಲ ಇದ್ದರೆ ವಾಲ್ಯೂಮ್ ಏರಿಸೋ ಬದಲು ಕಿಟಕಿ ಹಾಕುತ್ತೇನೆ, ಕಷ್ಟದ ಫೈಲುಗಳನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಪಕ್ಕದ ಬಸವನಗುಡಿಯ ಕಡ್ಲೆಕಾಯಿ ಪರಿಷೆಯ ದಿನಗಳಲ್ಲಿ ಜನ, ಪೀಪಿ ಎಲ್ಲ ನಮ್ಮ ಬೀದಿ ತನಕ ಬರುತ್ತೆ, ಆಗ ಕೆಲಸವನ್ನೇ ಇಟ್ಟುಕೊಳ್ಳೋದಿಲ್ಲ. ಆ ರಾತ್ರಿಯ ಗುಂಯ್ ಮತ್ತೆ ಬಂದಿಲ್ಲ.

ಕೊನೆಗೊಂದು ಸಣ್ಣ ವಿಷಯ, ಬರೆದುಕೊಡುವ ಕೆಲಸದವರಿಗೆ ಮಾತ್ರ. ಫೈಲನ್ನು ನಿಲ್ಲಿಸಿ, ಹತ್ತು ಸೆಕೆಂಡು ಬರೆದು, ಮತ್ತೆ ಪ್ಲೇ ಒತ್ತಿದರೆ ಸ್ಪೀಕರಿನಲ್ಲಿ ಟಪ್ ಅಂತ ಬಂದು ಮೊದಲ ಅಕ್ಷರ ಹಾರಿಹೋಗುತ್ತಿತ್ತು. ಧ್ವನಿ ಇಲ್ಲದಾಗ ವಿದ್ಯುತ್ ಉಳಿಸೋಕೆ ಚಿಪ್ಪು ಮಲಗುತ್ತೆ, ಏಳೋಕೆ ಒಂದು ಕ್ಷಣ ಬೇಕು. ಒಬ್ಬ ಹಿರಿಯರ ಮಾತು ನಾನು "ಆ ವರ್ಷ ಕೆರೆ ತುಂಬಿತ್ತು" ಅಂತ ಬರೆದಿದ್ದೆ. ಇನ್ನೊಂದು ಸಲ ಬೇರೆ ಕಡೆಯಿಂದ ಕೇಳಿದಾಗ ಮುಂಚೆ ಒಂದು "ಇಲ್ಲ" ಇತ್ತು. ಕೆರೆ ಒಡೆಯಿತಂತೆ ಅಂತ ಕೇಳಿದವರಿಗೆ ಅವರು ಇಲ್ಲ ಅಂದಿದ್ದರು. ಆ ಒಂದು ಪದ ಇಲ್ಲದೆ ಮಾತಿನ ದಿಕ್ಕೇ ಬೇರೆ. ಅವತ್ತೇ ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್ ಡಾಟ್ ಡಿ ಅನ್ನುವ ಜಾಗದಲ್ಲಿ, ಹೆಸರಿನ ಕೊನೆಗೆ ಡಾಟ್ ಕಾನ್ಫ್ ಇರುವ ಒಂದು ಫೈಲು ಮಾಡಿ ಒಂದೇ ಸಾಲು ಬರೆದೆ: ಆಪ್ಷನ್ಸ್, ಜಾಗ, ಎಸ್‌ಎನ್‌ಡಿ ಅಂಡರ್‌ಸ್ಕೋರ್ ಎಚ್‌ಡಿಎ ಅಂಡರ್‌ಸ್ಕೋರ್ ಇಂಟೆಲ್, ಜಾಗ, ಪವರ್ ಅಂಡರ್‌ಸ್ಕೋರ್ ಸೇವ್, ಈಕ್ವಲ್ ಚಿಹ್ನೆ, 0. ಎಲ್ಲ ಚಿಕ್ಕ ಅಕ್ಷರ. ರೀಸ್ಟಾರ್ಟ್ ಮಾಡಿದ ಮೇಲೆ ಟಪ್ ಸದ್ದು ನಿಂತಿತು, ಮೊದಲ ಅಕ್ಷರ ಬರತೊಡಗಿತು. ಆ ಹಿರಿಯರ ಎರಡು ಗಂಟೆಯ ರೆಕಾರ್ಡಿಂಗನ್ನು ಮೊದಲಿಂದ ಮತ್ತೆ ಕೇಳಿ, ತಿದ್ದಿ, ಕಳಿಸಿದೆ.